ಅಂಗಳವಿಲ್ಲದ ಮನೆಯಲ್ಲಿ ಇರುವೆ

ಹಿಂಜವಾಡಿಗೆ ಮಳೆ ಬರೋದು ಜೂನ್ ಎರಡನೇ ವಾರದ ಸುಮಾರಿಗೆ. ಇರುವೆ ಬರೋದು ಅದಕ್ಕಿಂತ ಒಂದು ವಾರ ಮೊದಲು. ಮೊದಲನೇ ಮಹಡಿ, ಏಳನೇ ಮಹಡಿ ಅನ್ನೋ ಭೇದ ಅವುಗಳಿಗಿಲ್ಲ. ರಾತ್ರಿ ಒರೆಸಿ ಮಲಗಿದ ಅಡಿಗೆಕಟ್ಟೆಯ ಮೇಲೆ ಬೆಳಿಗ್ಗೆ ಹಾಲಿನ ಪಾಕೀಟು ಇಡಲು ಹೋದರೆ ಸಾಲು ಆಗಲೇ ಹೊರಟಿರ್ತದೆ. ಸ್ವಿಚ್ ಬೋರ್ಡಿನ ಸಂದಿಯಿಂದ ಇಳಿದು, ಟೈಲ್ಸಿನ ಗೆರೆಗುಂಟ ನಡೆದು, ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಬಂದ ದಾರಿಯಲ್ಲೇ ವಾಪಸ್. ಊರಿಂದ ಬಂದ ಗಂಟು ಒಡೆದ ದಿನವಂತೂ ಕೇಳಲೇಬೇಡಿ. ಮಹಾಲಿಂಗಪುರದ ಬೆಲ್ಲ, ಗೋಕಾಕದ ಕರದಂಟು, ಪಂಚಮಿಯ ಶೇಂಗಾ ಉಂಡಿ ಇವುಗಳ ಸುದ್ದಿ ನಮ್ಮ ಪಕ್ಕದ ಮನೆಯವರಿಗಿಂತ ಮೊದಲು ಅವಕ್ಕೆ ಮುಟ್ಟಿರ್ತದೆ.

ಇರುವೆಯ ಬಗ್ಗೆ ಬರೆಯೋಕೆ ಏನಿದೆ ಅಂತ ಊರಲ್ಲಿರೋ ನೀವು ಕೇಳಬಹುದು. ನಿಮ್ಮ ಮನೆಗೂ ಬರ್ತಾವೆ, ಅರಿಶಿನ ಹಾಕ್ತೀರಿ, ಹೋಗ್ತಾವೆ, ಮುಗೀತು. ನಾನೂ ಧಾರವಾಡದಲ್ಲಿ ಇಪ್ಪತ್ತಮೂರು ವರ್ಷ ಹಾಗೇ ಇದ್ದವಳು. ಇರುವೆ ಕೊಲ್ಲೋದು ಸರಿಯೋ ತಪ್ಪೋ ಅನ್ನೋದು ಅಲ್ಲಿ ನನಗೆ ಪ್ರಶ್ನೆಯೇ ಆಗಿರಲಿಲ್ಲ. ಪ್ರಶ್ನೆಯಾದದ್ದು ಇಲ್ಲಿಗೆ ಬಂದ ಮೇಲೆ. ಯಾಕೆ ಅಂತ ಹೇಳಬೇಕಾದರೆ ಇರುವೆಗಿಂತ ಮನೆಯ ಬಗ್ಗೆ ಹೇಳಬೇಕಾಗ್ತದೆ.

ಹಿಂಜವಾಡಿ ಅಂದರೆ ಮುಳಶಿ ತಾಲ್ಲೂಕಿನ ಒಂದು ಹಳ್ಳಿ. ತೊಂಬತ್ತರ ದಶಕದ ಕೊನೆಗೆ ಇಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬಂತು. ಆಮೇಲೆ ಫೇಸ್ ಒಂದು, ಎರಡು, ಮೂರು ಅಂತ ಗುಡ್ಡದ ಕಡೆಗೆ ಬೆಳೀತಾ ಹೋಯಿತು. ಹೊಲಗಳಿದ್ದಲ್ಲಿ ಈಗ ಹತ್ತು, ಇಪ್ಪತ್ತು ಮಹಡಿಯ ಕಟ್ಟಡಗಳಿವೆ. ಊರದೈವ ಮ್ಹಾತೋಬಾನ ಗುಡಿ ಮಾತ್ರ ಇದ್ದಲ್ಲೇ ಇದೆ. ಬೆಂಗಳೂರು ಹೆದ್ದಾರಿ ವಾಕಡದ ಪಕ್ಕದಲ್ಲೇ ಹಾದು ಹೋಗೋದರಿಂದ ನಮ್ಮ ಕಡೆಯ ಬಸ್ಸು ಬೆಳಗಿನ ಜಾವ ಅಲ್ಲೇ ಇಳಿಸ್ತದೆ. ಬೆಳಗಾವಿ, ಧಾರವಾಡ, ವಿಜಯಪುರದ ಹುಡುಗರು ಲ್ಯಾಪ್‌ಟಾಪ್ ಚೀಲ ಹೊತ್ತು ಇಳೀತಾರೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಕೂಸುಕುನ್ನಿ, ಪಾತ್ರೆ ಸಮೇತ ಇಳೀತಾರೆ. ಎಲ್ಲರನ್ನೂ ಸೇರಿಸಿ 'ನಾವೂ ಇರುವೆಗಳಂತೆ ಸಾಲುಗಟ್ಟಿ ಅನ್ನ ಹುಡುಕಿ ಬಂದವರು' ಅಂತ ಬರೆದರೆ ಪ್ರಬಂಧಕ್ಕೆ ಒಳ್ಳೆಯ ವಾಕ್ಯವೇ ಆಗ್ತದೆ. ನಾನು ಬರೆಯೋದಿಲ್ಲ. ಆ ಹೋಲಿಕೆಯಿಂದ ಇರುವೆಗೂ ಉಪಯೋಗವಿಲ್ಲ, ನಮಗೂ ಇಲ್ಲ. ನಮ್ಮನ್ನು ಯಾರೂ ಸೋಪಿನ ನೀರು ಹಾಕಿ ಒರೆಸ್ತಾ ಇಲ್ಲ.

ಧಾರವಾಡದ ನಮ್ಮ ಮನೆಗೆ ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅಡಿಗೆಮನೆ, ಕೊನೆಗೆ ಹಿತ್ತಲು. ಹಿತ್ತಲಲ್ಲಿ ಒಂದು ಬೇವಿನ ಮರ. ಅಡಿಗೆಮನೆಗೆ ಇರುವೆ ಬಂದರೆ ಅವ್ವ ಕಸಬರಿಗೆಯಿಂದ ಮೆಲ್ಲಗೆ ಸರಿಸಿ ಮೊರಕ್ಕೆ ತುಂಬಿ ಹಿತ್ತಲಿಗೆ ಚೆಲ್ಲುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಬೇವಿನ ಬುಡಕ್ಕೆ ಒಂದು ಹಿಡಿ ರವೆ ಸಕ್ಕರೆ. ಇದನ್ನೆಲ್ಲ ಇಲ್ಲಿಯ ಗೆಳತಿಯರಿಗೆ ಹೇಳಿದರೆ 'ಎಷ್ಟು ದಯೆಯ ಬದುಕು' ಅಂತಾರೆ. ಹಿಂದಿನವರು ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕಿ ಇರುವೆಗೆ ಉಣ್ಣಿಸ್ತಿದ್ದರಂತಲ್ಲ ಅಂತಲೂ ಸೇರಿಸ್ತಾರೆ. ಬೇರೆ ಕಡೆಯ ಮಾತು ಇರಬಹುದು. ನಮ್ಮ ಮನೆಯ ರಂಗೋಲಿ ಕಲ್ಲಿನ ಪುಡಿಯದು, ಇರುವೆ ಅದನ್ನ ಮೂಸಿ ಕೂಡ ನೋಡೋದಿಲ್ಲ.

ದಯೆ ಅಂತ ಕರೆಯೋಕೆ ನನಗೆ ಅನುಮಾನ. ಅವ್ವನಿಗೆ ದಯೆ ಇರಲಿಲ್ಲ ಅಂತಲ್ಲ. ಆದರೆ ಆ ದಯೆಗೆ ಖರ್ಚೇ ಇರಲಿಲ್ಲ. ಹತ್ತು ಹೆಜ್ಜೆ ನಡೆದರೆ ಹಿತ್ತಲು. ಮನೆಗೂ ಮನೆ ಅಲ್ಲದ್ದಕ್ಕೂ ನಡುವೆ ಒಂದು ಜಾಗ ಇತ್ತು. ಬೆಕ್ಕು ಅಲ್ಲಿರ್ತಿತ್ತು, ಮಳೆನೀರು ಅಲ್ಲಿ ಹರೀತಿತ್ತು, ಎಂಜಲು ಬಾಳೆಲೆ ಅಲ್ಲಿ ಬೀಳ್ತಿತ್ತು, ಇರುವೆಯೂ ಅಲ್ಲಿಗೆ ಹೋಗ್ತಿತ್ತು. ಹೊರಗೆ ಹಾಕೋದು ಮತ್ತು ಕೊಲ್ಲೋದು ಬೇರೆ ಬೇರೆ ಆಗಿದ್ದದ್ದು ಆ ಜಾಗದಿಂದ. ಏಳನೇ ಮಹಡಿಯಲ್ಲಿ ಕಸಬರಿಗೆಯಿಂದ ಸರಿಸಿದ ಇರುವೆಯನ್ನ ಎಲ್ಲಿಗೆ ಚೆಲ್ಲಲಿ? ಬಾಲ್ಕನಿಗೆ ಚೆಲ್ಲಿದರೆ ಹತ್ತು ನಿಮಿಷಕ್ಕೆ ವಾಪಸ್. ಕೆಳಗೆ ಕೊಡವಿದರೆ ಆರನೇ ಮಹಡಿಯವರ ಒಣಗಿದ ಬಟ್ಟೆ. ಅಂಗಳ ಇಲ್ಲದ ಮನೆಯಲ್ಲಿ ಎರಡೇ ದಾರಿ: ಸಹಿಸಿಕೋ, ಇಲ್ಲ ಕೊಲ್ಲು. ಊರು ಬಿಟ್ಟು ಬರುವಾಗ ನಮ್ಮ ಜೊತೆ ನಮ್ಮ ಸ್ವಭಾವವೂ ಬರ್ತದೆ ಅಂದುಕೊಂಡಿರ್ತೀವಿ. ಅದರಲ್ಲಿ ಎಷ್ಟು ಪಾಲು ನಮ್ಮದು, ಎಷ್ಟು ಪಾಲು ಆ ಹಿತ್ತಲದ್ದು ಅನ್ನೋದು ಇಲ್ಲಿ ಗೊತ್ತಾಗ್ತದೆ.

ಮನೆಮದ್ದುಗಳನ್ನ ಒಂದೊಂದಾಗಿ ಮಾಡಿ ನೋಡಿದವಳು ನಾನು. ಕೆಲಸಕ್ಕೆ ಬರೋ ಮಾವಶಿ ಅರಿಶಿನದ ಗೆರೆ ಎಳೆದು 'ಅಸೂ ದ್ಯಾ' ಅಂತಿದ್ದಳು, ಇರಲಿ ಬಿಡಿ ಅಂತ. ಲವಂಗ, ದಾಲ್ಚಿನ್ನಿ, ಕರ್ಪೂರ, ಇಂಗಿನ ನೀರು, ಲಿಂಬೆ ಸಿಪ್ಪೆ, ಖಾರದ ಪುಡಿ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಎಲ್ಲವೂ ಆಯಿತು. ಇವುಗಳ ಕೆಲಸ ಸುಮಾರಾಗಿ ಒಂದೇ. ಆಹಾರ ಸಿಕ್ಕ ಇರುವೆ ಗೂಡಿಗೆ ವಾಪಸ್ ಹೋಗುವಾಗ ಹೊಟ್ಟೆಯ ತುದಿಯನ್ನ ನೆಲಕ್ಕೆ ತಾಗಿಸಿ ವಾಸನೆಯ ಗುರುತು ಬಿಡ್ತದೆ. ಹಿಂದೆ ಬಂದವು ಅದೇ ಗುರುತಿನ ಮೇಲೆ ತಮ್ಮದನ್ನೂ ಬಿಡ್ತಾವೆ, ದಾರಿ ಗಟ್ಟಿಯಾಗ್ತದೆ. ಯಾರೂ ಓಡಾಡದಿದ್ದರೆ ವಾಸನೆ ಆರಿಹೋಗಿ ದಾರಿಯೂ ಅಳಿಸ್ತದೆ. ಅರಿಶಿನ, ಇಂಗು ಎಲ್ಲ ಆ ದಾರಿಗೆ ಅಡ್ಡ ಹಾಕಿದ ಬೇಲಿ, ವಾಸನೆ ಹೋಗೋವರೆಗೆ ಮಾತ್ರ. ಇವೆಲ್ಲಕ್ಕಿಂತ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯೇ ವಾಸಿ, ಅದು ದಾರಿಯನ್ನೇ ತೊಳೆದುಹಾಕ್ತದೆ. ಇನ್ನು ಸಕ್ಕರೆ ಡಬ್ಬಿಯನ್ನ ನೀರು ತುಂಬಿದ ತಾಟಿನಲ್ಲಿ ಇಡೋದು ನಮ್ಮಜ್ಜಿಯ ಉಪಾಯ. ಇಷ್ಟು ನಿರಪಾಯದ, ಇಷ್ಟು ಖಾತ್ರಿಯ ಉಪಾಯ ಇನ್ನೊಂದಿಲ್ಲ. ಹಾಲಿನ ಕಪಾಟಿನ ಕಾಲುಗಳನ್ನೂ, ಬಾಣಂತಿಯ ಮಂಚದ ಕಾಲುಗಳನ್ನೂ ಹೀಗೇ ನೀರಿನ ಬಟ್ಟಲಲ್ಲಿ ನಿಲ್ಲಿಸ್ತಿದ್ದರು.

ಬೇಲಿಯ ಉಪಾಯಗಳಿಗೆ ಒಂದು ಸಣ್ಣ ನೈತಿಕ ತೊಡಕಿದೆ, ಅದನ್ನ ಯಾರೂ ಹೇಳೋದಿಲ್ಲ. ನನ್ನ ಮನೆಯಿಂದ ತಿರುಗಿಸಿದ ಇರುವೆ ಪಕ್ಕದವರ ಮನೆಗೆ ಹೋಗ್ತದೆ. ಅವರು ನನ್ನಷ್ಟು ಸೂಕ್ಷ್ಮದವರಲ್ಲದಿದ್ದರೆ ಸ್ಪ್ರೇ ಹೊಡೀತಾರೆ. ಹಾಗಾದರೆ ನಾನು ಉಳಿಸಿದ್ದು ಇರುವೆಯ ಜೀವವನ್ನೋ, ನನ್ನ ಕೈ ಶುದ್ಧವಾಗಿರಲಿ ಅನ್ನೋ ಆಸೆಯನ್ನೋ?

ಅಂಗಡಿಯ ಸೀಮೆಸುಣ್ಣಕ್ಕೆ 'ಲಕ್ಷ್ಮಣರೇಖೆ' ಅಂತ ಯಾರು ಹೆಸರಿಟ್ಟರೋ, ಜಾಣರು. ಮೂಲ ವಾಲ್ಮೀಕಿ ರಾಮಾಯಣದಲ್ಲಿ ಆ ರೇಖೆಯೇ ಇಲ್ಲ ಅಂತಾರೆ ತಿಳಿದವರು. ಇರಲಿ, ನಮ್ಮೆಲ್ಲರ ಮನಸ್ಸಿನಲ್ಲಂತೂ ಇದೆಯಲ್ಲ. ಅದರೊಳಗಿನ ವಿಷ ಪೈರೆತ್ರಾಯ್ಡ್ ಜಾತಿಯದು. ಸೇವಂತಿಗೆಯ ಬಳಗದ ಒಂದು ಹೂವಿನಿಂದ ಸಿಗೋ ಕೀಟನಾಶಕವನ್ನ ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು. ನರಕ್ಕೆ ಹತ್ತಿ ಇರುವೆ ಒದ್ದಾಡಿ ಸಾಯ್ತದೆ. ಶಾಲೆಯ ಸುಣ್ಣದಕಡ್ಡಿಯಂತೆ ಕಾಣೋದರಿಂದ ಮಗು ಇರೋ ಮನೆಗೆ ನಾನದನ್ನ ತರಲಿಲ್ಲ. ನನ್ನ ಕಾರಣ ಮಗುವಿನದು, ಇರುವೆಯದಲ್ಲ.

ಇನ್ನೊಂದು ಮದ್ದಿದೆ: ಬೋರಿಕ್ ಪುಡಿ. ಕೇರಂ ಬೋರ್ಡಿನ ಮೇಲೆ ಉದುರಿಸ್ತೀವಲ್ಲ, ಅದೇ. ಒಂದು ಲೋಟ ಸಕ್ಕರೆ ನೀರಿಗೆ ಸಣ್ಣ ಚಮಚೆಯಲ್ಲಿ ಅರ್ಧ ಬೆರೆಸಿ, ಹತ್ತಿಯಲ್ಲಿ ಅದ್ದಿ, ಬಾಟಲಿ ಮುಚ್ಚಳದಲ್ಲಿಟ್ಟು ಸಾಲಿನ ಪಕ್ಕ ಮಗುವಿನ ಕೈಗೆ ಸಿಗದ ಕಡೆ ಇಡೋದು. ಪುಡಿ ಜಾಸ್ತಿಯಾದರೆ ಕೆಲಸ ಕೆಡ್ತದೆ, ತಿಂದ ಇರುವೆ ದಾರಿಯಲ್ಲೇ ಸಾಯ್ತದೆ. ಕಡಿಮೆ ಇದ್ದರೆ ಅದು ಆರಾಮಾಗಿ ಗೂಡು ಸೇರ್ತದೆ. ಇರುವೆಗೆ ತನ್ನ ಹೊಟ್ಟೆಯ ಜೊತೆಗೆ ಊರಿಗಾಗಿ ಒಂದು ಹೊಟ್ಟೆ ಇದೆ. ಕುಡಿದ ಸಿಹಿಯನ್ನ ಅಲ್ಲಿ ಇಟ್ಟುಕೊಂಡು, ಗೂಡಿನಲ್ಲಿ ಎದುರಾದವುಗಳ ಬಾಯಿಗೆ ಬಾಯಿ ಇಟ್ಟು ಹಂಚ್ತದೆ. ಅವು ಮರಿಗಳಿಗೆ ಕೊಡ್ತಾವೆ, ರಾಣಿಗೆ ಕೊಡ್ತಾವೆ. ವಿಷವೂ ಹಾಗೇ ಮನೆಮನೆಗೆ ಹೋಗ್ತದೆ. ಹಂಚಿ ತಿನ್ನೋ ಗುಣ ಇರೋದರಿಂದಲೇ ಈ ಮದ್ದು ನಡೀತದೆ. ಮದ್ದುಗಳಲ್ಲೆಲ್ಲ ಇದು ಹೆಚ್ಚು ಪರಿಣಾಮದ್ದು, ಕಣ್ಣೆದುರು ಒಂದು ಹೆಣವೂ ಬೀಳದ್ದು. ನಾನು ಬಹಳ ದಿನ ಮುಟ್ಟದೇ ಇದ್ದದ್ದೂ ಇದನ್ನೇ.

2022ರ ಜೂನ್ ಮೊದಲ ವಾರ ಅವ್ವ ಇಲ್ಲಿಗೆ ಬಂದಳು. ಹದಿನಾರು ವರ್ಷದ ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳ ಕೆಳಗೆ ಮಾಯದ ಹುಣ್ಣು. ಇಂಥ ಕಾಯಿಲೆಯಲ್ಲಿ ಪಾದದ ನರ ಸತ್ತು ಅರಿವು ಹೋಗಿರ್ತದೆ. ಕಲ್ಲು ಚುಚ್ಚಿದರೂ, ಬಿಸಿ ತಾಗಿದರೂ ಗೊತ್ತಾಗೋದಿಲ್ಲ. ಮೂರನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಲು ಕೂತಾಗ ಗೋಡೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಪಟ್ಟಿಯೊಳಕ್ಕೆ ಸಾಲು ಹೋಗಿತ್ತು. ಅವ್ವನಿಗೆ ಗೊತ್ತೇ ಆಗಿರಲಿಲ್ಲ, ರಾತ್ರಿಯಿಡೀ ಚೆನ್ನಾಗಿ ನಿದ್ದೆ ಮಾಡಿದ್ದಳು. ನನ್ನ ಮುಖ ನೋಡಿ ನಕ್ಕಳು.

"ಇಷ್ಟ್ಯಾಕ ಗಾಬರಿ ಆಗ್ತೀಯವಾ? ಸಕ್ಕರಿ ಬ್ಯಾನಿ ಇದ್ದಾಕಿ ಕಾಲದು. ಇರವಿ ಬರದ ಏನ್ ಆನಿ ಬರ್ತಾವ?"

ಆಕೆಯ ತಮಾಷೆಗೆ ಎರಡು ಸಾವಿರ ವರ್ಷದ ಆಧಾರವಿದೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತೋದನ್ನ ಚರಕ ಸಂಹಿತೆ ಪ್ರಮೇಹದ ಗುರುತುಗಳಲ್ಲಿ ಒಂದು ಅಂತ ಎಣಿಸ್ತದೆ. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಮನೆಯ ಇರುವೆ ನಸುಹಳದಿಯ, ಎರಡು ಮಿಲಿಮೀಟರಿನ ಸಣ್ಣ ಜಾತಿ. 1758ರಲ್ಲಿ ಲಿನೇಯಸ್ ಇದಕ್ಕೆ ಈಜಿಪ್ಟಿನ ಫೇರೋ ದೊರೆಗಳ ಹೆಸರಿಟ್ಟ. ಜನರ ಸಾಮಾನಿನ ಜೊತೆ ಪ್ರಪಂಚವನ್ನೆಲ್ಲ ಸುತ್ತಿದ ಅಲೆಮಾರಿ ಇದು. ಬಿಸಿ ಇರೋ ಗೋಡೆಯ ಸಂದು ಸಿಕ್ಕರೆ ಸಾಕು, ಮಣ್ಣು ಬೇಡ. ಆಸ್ಪತ್ರೆಗಳಲ್ಲಿ ಇದು ಗಾಯದ ಪಟ್ಟಿಯೊಳಗೆ, ಸಲೈನಿನ ನಳಿಗೆಯೊಳಗೆ ಹೊಕ್ಕು ಸೋಂಕು ಹೊತ್ತುಕೊಂಡು ತಿರುಗ್ತದೆ ಅನ್ನೋದು ವೈದ್ಯರಿಗೆಲ್ಲ ಗೊತ್ತಿರೋದೇ. ಸ್ಪ್ರೇ ಹೊಡೆದರೆ ಒಂದು ಗೂಡು ನಾಲ್ಕಾಗಿ ಒಡೀತದೆ, ಯಾಕಂದರೆ ಇದರ ಗೂಡಿನಲ್ಲಿ ರಾಣಿಯರೇ ಹಲವರು.

ಅಜ್ಜಿಯ ಉಪಾಯ ಮಾಡೋಣ ಅಂದರೆ ಮಂಚಕ್ಕೆ ಕಾಲೇ ಇಲ್ಲ! ಬಾಡಿಗೆ ಮನೆಯ ಮಂಚ, ಗೋಡೆಗೆ ಹೊಂದಿಸಿ ಮಾಡಿದ ಪೆಟ್ಟಿಗೆ, ಸುತ್ತಲೂ ನೆಲಕ್ಕೆ ಅಂಟಿದ ಹಲಗೆ. ನೀರಿನ ಬಟ್ಟಲು ಯಾವುದರ ಕೆಳಗಿಡಲಿ? ಹಾಲ್‌ನ ನಡುವೆ ಗಾದಿ ಹಾಕಿ ಮಲಗಿಸಿದೆವು, ಎರಡನೇ ರಾತ್ರಿ ಅಲ್ಲಿಗೂ ಬಂದವು. ಸೋಪಿನ ನೀರು, ಅರಿಶಿನ ಎಲ್ಲ ಆಯಿತು. ಕಾಲನ್ನ ಕತ್ತರಿಸಬೇಕಾದೀತು ಅಂತ ಧಾರವಾಡದಲ್ಲಿ ಡಾಕ್ಟರರು ಒಮ್ಮೆ ಹೇಳಿದ್ದರು. ಆ ಮಾತು ನನ್ನ ತಲೆಯಲ್ಲಿ ಗುಂಯ್‌ಗುಡ್ತಿತ್ತು. ಆ ಸಂಜೆ ಆಫೀಸಿನಿಂದ ಬರುವಾಗ ಮೆಡಿಕಲ್ ಶಾಪಿನಿಂದ ಬೋರಿಕ್ ಪುಡಿ ತಂದೆ.

ಮೊದಲ ಎರಡು ದಿನ ಸಾಲು ಇನ್ನೂ ದಪ್ಪವಾಯಿತು. ಹತ್ತಿಯ ಸುತ್ತ ಹಬ್ಬದ ಪಂಕ್ತಿಯಂತೆ ಕೂತಿದ್ದವು. ರಾತ್ರಿ ಎರಡು ಸಲ ಅಲಾರಾಂ ಇಟ್ಟು ನಾನೊಮ್ಮೆ, ನಮ್ಮವರೊಮ್ಮೆ ಎದ್ದು ಅವ್ವನ ಕಾಲು ನೋಡ್ತಿದ್ದೆವು. ಹನ್ನೊಂದನೇ ದಿನ ಮನೆಯಲ್ಲಿ ಒಂದೂ ಇರುವೆ ಇರಲಿಲ್ಲ.

ಅವ್ವ ಎಲ್ಲ ನೋಡ್ತಾ ಇದ್ದಳು. ಹುಣ್ಣು ಆಕೆಯದು, ಕಾಲು ಆಕೆಯದು, ಆದರೂ ಸಿಟ್ಟಾದಳು.

"ಬಡದ್ ಕೊಂದಿದ್ರ ನಾ ಏನೂ ಅಂತಿದ್ದಿಲ್ಲ. ಕಾಲಾಗ ಸಿಕ್ಕು ಎಷ್ಟ್ ಸಾಯ್ತಾವ, ನೀರಾಗ ಬಿದ್ದು ಎಷ್ಟ್ ಸಾಯ್ತಾವ. ನೀ ಊಟಕ್ಕ ಕರದ್ ಕೊಂದಿ. ತಾವಷ್ಟ ತಿಂದು ಸಾಯಲಿಲ್ಲ, ಮಕ್ಕಳೀಗೂ ಒಯ್ದು ಕೊಟ್ಟು ಸತ್ತಾವ."

ಈ ಮಾತನ್ನ ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಕೊಲ್ಲೋದಕ್ಕೆ ಅವ್ವನ ತಕರಾರಿಲ್ಲ, ಕೊಟ್ಟು ಕೊಲ್ಲೋದಕ್ಕೆ. ವಾದ ಮಾಡೋದಾದರೆ ನನ್ನ ಹತ್ತಿರ ಉತ್ತರವಿದೆ. ಮೋಸ ಆಗಬೇಕಾದರೆ ಮೊದಲು ನಂಬಿಕೆ ಇರಬೇಕು. ಇರುವೆ ನನ್ನನ್ನ ನಂಬಿ ಬಂದದ್ದಲ್ಲ, ಅದರ ಪ್ರಪಂಚದಲ್ಲಿ ನಾನೇ ಇಲ್ಲ, ಸಿಹಿ ಇದೆ ಅಷ್ಟೆ. ಸುಣ್ಣದಕಡ್ಡಿಯ ಗೆರೆಯ ಮೇಲೆ ಕಾಲು ಸೆಟೆದು ಸಾಯೋದಕ್ಕಿಂತ ಇದು ಹೆಚ್ಚು ಕ್ರೂರ ಅಂತ ಇರುವೆಯ ಕಡೆಯಿಂದ ಹೇಳಲು ಬರೋದಿಲ್ಲ. ಆದರೆ ಅವ್ವ ಇರುವೆಯ ಕಡೆಯಿಂದ ಮಾತಾಡ್ತಿರಲಿಲ್ಲ. ಆಕೆ ಮಾತಾಡ್ತಿದ್ದದ್ದು ಕೈಯ ಬಗ್ಗೆ. ಅಮಾವಾಸ್ಯೆಗೆ ರವೆ ಸಕ್ಕರೆ ಹಾಕೋ ಕೈ ಒಂದು, ಕಸಬರಿಗೆ ಹಿಡಿಯೋ ಕೈ ಒಂದು ಅಂತ ಆಕೆಯ ಮನೆಯಲ್ಲಿ ಬೇರೆ ಬೇರೆ ಇಟ್ಟುಕೊಳ್ಳೋಕೆ ಜಾಗ ಇತ್ತು. ಕೊಡೋದು ಬೇವಿನ ಬುಡದಲ್ಲಿ, ಓಡಿಸೋದು ಅಡಿಗೆಮನೆಯಲ್ಲಿ. ನನ್ನ ಆರಡಿ ಕಟ್ಟೆಯ ಮೇಲೆ ಎರಡೂ ಒಂದೇ ಮುಚ್ಚಳದಲ್ಲಿ ಆಗಿಹೋದವು. ಆಕೆಗೆ ಹೇಸಿಗೆಯಾದದ್ದು ಅದಕ್ಕೆ. ಆ ಹೇಸಿಗೆ ನನಗೆ ಅರ್ಥವಾಗ್ತದೆ. ಆದರೆ ಆಕೆಯ ಕಾಲಿನ ಎದುರಿಗೆ ಅದನ್ನ ಇಟ್ಟು ತೂಗಿದಾಗ ನನಗೆ ಕಾಲೇ ಭಾರ ಅನ್ನಿಸಿತು, ಈಗಲೂ ಹಾಗೇ ಅನ್ನಿಸ್ತದೆ.

ಈ ತೂಗೋ ಕೆಲಸ ಮಾಡಿದವರಲ್ಲಿ ನನಗೆ ಹತ್ತಿರದವರಾಗಿ ಕಾಣೋರು ಆಲ್ಬರ್ಟ್ ಶ್ವೈಟ್ಜರ್. ಜರ್ಮನ್ ಮಾತಾಡೋ ಪಾದ್ರಿ, ಸಂಗೀತಗಾರ, ಆಮೇಲೆ ವೈದ್ಯ. 1913ರಲ್ಲಿ ಊರು ಬಿಟ್ಟು ಆಫ್ರಿಕಾದ ಗಬಾನಿನ ಲಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದರು. ಅಲ್ಲೇ 1915ರಲ್ಲಿ, ನದಿಯ ಪ್ರಯಾಣವೊಂದರಲ್ಲಿ, 'ಎಲ್ಲ ಜೀವದ ಬಗೆಗೂ ಗೌರವ' ಅನ್ನೋ ಅವರ ತತ್ವ ಹೊಳೆಯಿತು. ಕಟ್ಟಡಕ್ಕೆ ಕಂಬ ನೆಡುವಾಗ ಗುಂಡಿಯಲ್ಲಿ ಕಪ್ಪೆ, ಇರುವೆ ಬಿದ್ದಿವೆಯೇನೋ ಅಂತ ನೋಡಿ, ಇದ್ದರೆ ಕೈಯಿಂದ ಎತ್ತಿ ಹೊರಗೆ ಬಿಟ್ಟೇ ಕಂಬ ಇಳಿಸ್ತಿದ್ದರಂತೆ. ಅದೇ ಶ್ವೈಟ್ಜರ್ ಆಫ್ರಿಕಾದ ದಂಡಿರುವೆಗಳು ರಾತ್ರಿ ಕೋಳಿಗೂಡಿಗೆ ಮುತ್ತಿದಾಗ ಏನು ಮಾಡಿದರು ಅಂತಲೂ ಬರೆದಿಟ್ಟಿದ್ದಾರೆ. ಕೊಂಬು ಊದಿ ಜನ ಕರೆದು, ನದಿಯಿಂದ ಬಕೆಟ್ಟುಗಟ್ಟಲೆ ನೀರು ತರಿಸಿ, ಲೈಸಾಲ್ ಬೆರೆಸಿ ಮನೆಯ ಸುತ್ತ ಚೆಲ್ಲಿ ಸಾವಿರಗಟ್ಟಲೆ ಕೊಂದರು. ಎರಡನ್ನೂ ಮುಚ್ಚಿಡಲಿಲ್ಲ. ಅವಶ್ಯಕತೆ ಇದ್ದಾಗ ಕೊಂದೆ, ಕೊಂದದ್ದು ಕೊಂದದ್ದೇ ಅನ್ನೋದು ಅವರ ನಿಲುವು. ನಿದ್ರಾರೋಗದ ಕ್ರಿಮಿಯನ್ನ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕೂಡ ಇನ್ನೊಂದು ಜೀವಕ್ಕಾಗಿ ಈ ಜೀವವನ್ನ ಬಲಿ ಕೊಡ್ತಿದ್ದೇನೆ ಅಂತ ಅವರಿಗೆ ಅನ್ನಿಸ್ತಿತ್ತಂತೆ. ಶಾಂತಿಯ ನೊಬೆಲ್ ಪಡೆದವರು ಕ್ರಿಮಿಯ ಬಗ್ಗೆ ಹೀಗೆ ಯೋಚಿಸೋದು ಅತಿ ಅಂತ ನಗೋರಿದ್ದಾರೆ. ನನಗೆ ಅತಿ ಅನ್ನಿಸೋದಿಲ್ಲ.

ನಮ್ಮಲ್ಲೂ ಇದನ್ನ ಯೋಚಿಸಿದವರಿದ್ದಾರೆ. ಮನುಸ್ಮೃತಿಯ ಬಹಳಷ್ಟು ಮಾತು ನನಗೆ ಒಪ್ಪಿಗೆಯಿಲ್ಲ, ಹೆಂಗಸಾಗಿ ಒಪ್ಪೋಕೆ ಸಾಧ್ಯವೂ ಇಲ್ಲ. ಆದರೆ ಮೂರನೇ ಅಧ್ಯಾಯದ ಒಂದು ವಿಚಾರ ವಿಚಿತ್ರವಾಗಿದೆ. ಪ್ರತಿ ಗೃಹಸ್ಥನ ಮನೆಯಲ್ಲೂ ಐದು ಕಸಾಯಿಖಾನೆಗಳಿವೆ ಅಂತದೆ ಅದು: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು ಒನಕೆ, ನೀರಿನ ಕೊಡ. ಪಂಚಸೂನಾ ಅಂತ ಹೆಸರು. ಅಡಿಗೆಮನೆಯನ್ನ ದೇವರಮನೆಗೆ ಸಮ ಅನ್ನೋ ನಮ್ಮ ಜನ ಅದನ್ನ ಕಸಾಯಿಖಾನೆ ಅಂತಲೂ ಕರೆದಿದ್ದಾರೆ ನೋಡಿ! ಒಲೆ ಹಚ್ಚಬೇಡ, ಗುಡಿಸಬೇಡ ಅಂತ ಹೇಳೋದಿಲ್ಲ. ದಿನಾ ಐದು ಯಜ್ಞ ಮಾಡು, ಅದರಲ್ಲಿ ನಾಯಿ, ಕಾಗೆ, ಹುಳಹುಪ್ಪಡಿಗೆ ನೆಲದ ಮೇಲೆ ಅನ್ನ ಇಡೋದೂ ಒಂದು ಅಂತದೆ. ಅಂದರೆ ಯಾರ ಮನೆಯೂ ನಿರಪರಾಧಿಯಲ್ಲ, ಸಾಲ ಇದೆ, ತೀರಿಸ್ತಾ ಇರು. ಧಾರವಾಡದ ಬೇವಿನ ಬುಡದ ರವೆ ಸಕ್ಕರೆಗೆ ಇದೇ ಮೂಲವೋ ಏನೋ. ಅವ್ವ ಮನುವನ್ನ ಓದಿದವಳಲ್ಲ, ಓದಬೇಕಾದ ಅಗತ್ಯವೂ ಆಕೆಗಿರಲಿಲ್ಲ.

ಇದರಲ್ಲಿ ಒಂದು ಅಪಾಯವೂ ಇದೆ. ಇಷ್ಟು ಕೊಂದೆ, ಇಷ್ಟು ರವೆ ಹಾಕಿದೆ, ಲೆಕ್ಕ ಚುಕ್ತಾ ಅಂತ ಆಗಿಬಿಡಬಹುದು. ಶೇರು ಪೇಟೆಯಲ್ಲಿ ಹತ್ತು ಜನರ ಮನೆ ಮುಳುಗಿಸಿ ಭಾನುವಾರ ಗುಡಿಯ ಹತ್ತಿರ ಪಾರಿವಾಳಕ್ಕೆ ಜೋಳ ಚೆಲ್ಲೋರನ್ನ ನೀವೂ ನೋಡಿರ್ತೀರಿ.

ಅವ್ವ ಆ ಸಲ ಎರಡು ತಿಂಗಳು ಇದ್ದಳು. ಹುಣ್ಣು ಏಳನೇ ವಾರಕ್ಕೆ ಮಾಯಿತು. ಅದಕ್ಕೆ ಇನ್ಸುಲಿನ್ನು, ದಿನದಿನದ ಪಟ್ಟಿ, ಕಾಲಿಗೆ ಭಾರ ಬೀಳದ ಚಪ್ಪಲಿ ಕಾರಣ. ಇರುವೆ ಹೋದದ್ದರಿಂದಲೇ ಮಾಯಿತು ಅಂತ ನಾನು ಹೇಳೋದಿಲ್ಲ. ನಡೆಯೋಕೆ ಶುರು ಮಾಡಿದ ಮೇಲೆ ಆಕೆ ಸಂಜೆ ಲಿಫ್ಟಿನಲ್ಲಿ ಕೆಳಗಿಳಿದು, ಪಾರ್ಕಿಂಗಿನ ಕೊನೆಗೆ ಗೋಡೆಯ ಪಕ್ಕ ಇರೋ ಗುಲ್ಮೊಹರ್ ಮರದ ಬುಡಕ್ಕೆ ಸೆರಗಿನ ಗಂಟಿನಿಂದ ರವೆ ಸಕ್ಕರೆ ಹಾಕ್ತಿದ್ದಳು. ಅಮಾವಾಸ್ಯೆಗೊಮ್ಮೆ ಅಲ್ಲ, ದಿನಾ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ 'ಅಡ್ಡಾಡಾಕ ಹೋಗಿದ್ದೆ' ಅಂತಿದ್ದಳು. ವಾರದೊಳಗೆ ಸೊಸಾಯಿಟಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: ಆವರಣದಲ್ಲಿ ಯಾವುದೇ ಪ್ರಾಣಿ, ಪಕ್ಷಿ, ಕೀಟಗಳಿಗೆ ಆಹಾರ ಹಾಕಬಾರದು, ಪೆಸ್ಟ್ ಕಂಟ್ರೋಲಿನ ಖರ್ಚು ಹೆಚ್ಚಾಗ್ತಿದೆ. ಕೆಳಗೆ ಇಪ್ಪತ್ತಾರು ಹೆಬ್ಬೆರಳುಗಳು. ಅವ್ವನಿಗೆ ಓದಿ ಹೇಳಿದೆ. "ಕೀಟ ಅಂದ್ರ ಇರವಿ ಏನು?" ಅಂದಳು. ಹೌದು ಅಂದೆ. ಮರುದಿನ ಕಂಪೌಂಡಿನ ಹೊರಗೆ, ಕಟ್ಟಡದ ಕೆಲಸದವರ ತಗಡಿನ ಶೆಡ್ಡಿನ ಹತ್ತಿರ ಹೋಗಿ ಹಾಕಿ ಬಂದಳು. ಅಲ್ಲಿ ಯಾದಗಿರಿಯ ಕಡೆಯ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಮಾತಾಡಿಸಿದಳಂತೆ. ಆಮೇಲೆ ಸಂಜೆ ಒಂದು ತಾಸು ಆಕೆ ಸಿಗ್ತಾನೇ ಇರಲಿಲ್ಲ.

ಈಗ ದೀಪಾವಳಿ ಆದ ಮೇಲೆ ಮತ್ತೆ ಬರ್ತಾಳೆ. ಹಾಲ್‌ಗೆ ಕಾಲಿರುವ ಒಂದು ಮಂಚ ತಂದಿದ್ದೇವೆ, ಜೊತೆಗೆ ನಾಲ್ಕು ಸ್ಟೀಲ್ ಬಟ್ಟಲು. ಸಕ್ಕರೆ ಡಬ್ಬಿ ನೀರಿನ ತಾಟಿನಲ್ಲಿದೆ. ಸ್ವಿಚ್ ಬೋರ್ಡಿನ ಸಂದಿಗೆ ಬ್ಯಾರೆ ಮನೆಯಾಗಿದ್ದರೆ ಸಿಮೆಂಟು ಮೆತ್ತಬಹುದಿತ್ತು, ಬಾಡಿಗೆ ಮನೆ ಅಂತ ಟೇಪು ಹಚ್ಚಿದ್ದೇನೆ. ಬೋರಿಕ್ ಪುಡಿಯ ಡಬ್ಬಿ ಕಪಾಟಿನ ಮೇಲಿನ ಹಲಗೆಯಲ್ಲಿ, ಕೇರಂ ಬೋರ್ಡಿನ ಹಿಂದೆ ಹಾಗೇ ಇದೆ. ಎಸೆದಿಲ್ಲ.